ಅತ್ತೆಯನ್ನು ಎರಡು ಸಲ ಹತ್ತಿಸಿದ್ದು

ಮಾರ್ಚ್ ೧೪, ಗುರುವಾರ

ಆಸ್ಪತ್ರೆಯ ಆ ಮೆಟ್ಟಿಲುಗಳು ಕಣ್ಣಿನಿಂದ ಮರೆಯಾಗುತ್ತಿಲ್ಲ. ಸೊಂಟ ಮುರಿದ ಅತ್ತೆಯನ್ನು ಕುರ್ಚಿ ಸಮೇತ ಅವುಗಳ ಮೇಲೆ ಹತ್ತಿಸುವಾಗ ಶಾಸಕರು ವೋಟು ಕೇಳುತ್ತ ಬಂದರು. ಆಸ್ಪತ್ರೆಯ ಅನುದಾನವನ್ನೆಲ್ಲ ಎದುರಿನ, ತಮ್ಮ ಹೆಸರು ಕೆತ್ತಿಸಿದ ಕಾರಂಜಿಗೆ ಸುರಿದವರು ಇವರೇ.

"ಇಲ್ಲೊಂದು ಇಳಿಜಾರು ಕಟ್ಟಿಸಬಾರದಿತ್ತಾ ಸಾರ್?" ಎಂದೆ.

"ಅದ್ರ ಮೇಲೆ ನನ್ನ ಹೆಸರು ಹಾಕಿದ್ರೆ ಜನ ತುಳೀತಾರಲ್ಲಮ್ಮಾ!" ನಕ್ಕು, ತಾವೇ ಕುರ್ಚಿಗೆ ಕೈ ಕೊಟ್ಟು ಮೇಲೆ ಹತ್ತಿಸಿದರು.

"ಸಾರ್, ನಿಮ್ಮ ಮುಖ ಬರಲಿಲ್ಲ" ಎಂದ ಅವರ ಜೊತೆ ಬಂದಿದ್ದ ಫೋಟೊದವನು.

ಫೋಟೊಗಾಗಿ ಎಲ್ಲರೂ ಸೇರಿ ಅತ್ತೆಯನ್ನು ಕೆಳಗಿಳಿಸಿ ಮತ್ತೆ ಹತ್ತಿಸಿದೆವು. "ಅಜ್ಜೀ, ಸ್ವಲ್ಪ ನಗಿ" ಎಂದ ಫೋಟೊದವನು.

ನೋವಿಗೆ ತುಟಿ ಕಚ್ಚಿಕೊಂಡಿದ್ದ ಅತ್ತೆ ನಕ್ಕರು. ಮನೆಗೆ ಬಂದು, "ಪಾಪ, ಎರಡು ಸಲ ಹೊತ್ತ ಕಣೇ. ನನ್ನ ವೋಟು ಅವನಿಗೇ" ಎಂದರು.

ಅತ್ತೆಯನ್ನೇಕೆ ಬಯ್ಯಲಿ? ಕುರ್ಚಿಯ ಹಿಂಗಾಲು ಹಿಡಿದು ಕೆಳಗಿಳಿಸಲು ಕೈ ಕೊಟ್ಟವಳು ನಾನೇ. ಆ ಫೋಟೊದಲ್ಲಿ ನಾನೂ ನಗುತ್ತಿದ್ದೇನೇನೋ ಎಂದು ಈಗ ಭಯ.