ಬಾವಿಯ ನೀರು ಯಾವ ಗದ್ದೆಗೆ

ಮಕ್ತಲ್

ವೀರಯ್ಯನವರಿಗೆ, ಮಾದಿಗರ ಕೇರಿಯ ಝಾನ್ಸಿಯ ನಮಸ್ಕಾರ.

ಗದ್ವಾಲದಲ್ಲಿ ಈ ಹಂಗಾಮಿನ ಮೊದಲ ಟ್ರಯಥ್ಲಾನ್ ಸ್ಪರ್ಧೆ (ಈಜು, ಸೈಕಲ್, ಓಟ ಮೂರೂ ಸೇರಿದ್ದು) ಮುಗಿಸಿ ಮೊನ್ನೆ ಬಸ್ಸಿಳಿದಾಗ ನೀವೇ ಶಾಲು ಹೊದಿಸಿ, ‘ನಮ್ಮೂರ ಹುಡುಗಿ’ ಎಂದಿರಿ. ಸೈಕಲ್ಲಿನಲ್ಲೂ ಓಟದಲ್ಲೂ ನಾನು ಮುಂದಿದ್ದೆ. ಈಜಿನಲ್ಲಿ ಮಾತ್ರ ಎಲ್ಲರಿಗಿಂತ ಹಿಂದೆ ಬಿದ್ದೆ. ಅದಕ್ಕೇ ನಿನ್ನೆ ನಿಮ್ಮ ತೋಟದ ಬಾವಿಗೆ ಇಳಿದೆ. ನಿಮ್ಮ ಮಕ್ಕಳೆಲ್ಲ ಈಜು ಕಲಿತದ್ದು ಅಲ್ಲಿಯೇ.

ನಿಮ್ಮ ಮನೆಯ ಶೇಖಮ್ಮನವರು ದಂಡೆಯಿಂದ ಕೂಗಿದರು: “ಮ್ಯಾಲ ಬಾರವ್ವ. ಯಜಮಾನ್ರು ಬಾವಿ ಪೂರಾ ಖಾಲಿ ಮಾಡಾಕ ಮೋಟರ್ ಹಾಕ್ಯಾರ.”

“ಹೋದ ವಾರ ನಾಯಿ ಬಿದ್ದಾಗ ಹಾಕಿದ್ರೇನ್ರಿ?”

“ನಾಯಿ ಮಾತು ಬ್ಯಾರೆ ಐತಿ, ತಂಗಿ.”

ಮುಂದಿನ ತಿಂಗಳು ಮತ್ತೊಂದು ಸ್ಪರ್ಧೆಯಿದೆ. ಕೈಕಾಲು ಸುಮ್ಮನಿರುತ್ತಿಲ್ಲ, ನಿದ್ದೆಯಿಲ್ಲ. ನಾಳೆಯೂ ಬರುತ್ತೇನೆ, ನಾಳಿದ್ದೂ ಬರುತ್ತೇನೆ. ನಾನು ನೀರಿನಲ್ಲಿರುವಾಗ ಮಾತ್ರ ಮೋಟರ್ ಹಾಕಬೇಡಿ, ನೀರೆಳೆಯುವ ಪೈಪಿಗೆ ಕಾಲು ಸಿಕ್ಕಿಕೊಂಡೀತು. ಮೇಲೆ ಬಂದ ಮೇಲೆ ನಿಮ್ಮಿಷ್ಟ.

ಇನ್ನೊಂದು ಮಾತು. ಮೈಲಿಗೆಯೆಂದು ನೀವು ಹೊರಗೆತ್ತಿದ ನೀರು ಎಲ್ಲಿಗೆ ಹೋಯಿತೆಂದು ಪೈಪಿನ ಜೊತೆ ನಡೆದು ನೋಡಿದೆ. ನಿಮ್ಮದೇ ಭತ್ತದ ಗದ್ದೆಯಲ್ಲಿ ನಿಂತಿದೆ. ಸುಗ್ಗಿಯಾದ ಮೇಲೆ ಆ ಅನ್ನವನ್ನು ಮನೆಯವರೆಲ್ಲ ಹೊಟ್ಟೆ ತುಂಬ ಉಣ್ಣಿ.

ಇಂತಿ, ಬೆಳಿಗ್ಗೆ ಬರುವ
ಝಾನ್ಸಿ