ಕುಳ್ಳಾದ ಕಟಿಂಗ್ ಮೇಜು

ಹೊನ್ನಾಳಿ,
೧೧-೨-೧೯೭೯, ಭಾನುವಾರ

ಪ್ರೀತಿಯ ಹೆಂಡತಿ ಅಜ್ಜಮ್ಮನಿಗೆ,

ನಿನ್ನ ಸೊಂಟ ಹೇಗಿದೆ? ನಮ್ಮ ಬಾಣಂತಿ ಮಗಳು ಚೌಡಮ್ಮ ಹೊಟ್ಟೆ ತುಂಬ ಉಣ್ಣುತ್ತಿದ್ದಾಳೆಯೇ? ಕೂಸು ರಾತ್ರಿ ನಿದ್ದೆ ಮಾಡುತ್ತದೆಯೇ, ಇಲ್ಲಾ ಜಗಳೂರನ್ನೆಲ್ಲ ಎಬ್ಬಿಸುತ್ತದೆಯೇ? ಬೀಗಿತ್ತಿ ಹಾಸಿಗೆ ಹಿಡಿದಿರುವುದರಿಂದ ಎರಡು ಮನೆಯ ಕೆಲಸ ನಿನ್ನ ತಲೆಯ ಮೇಲೆ ಬಿದ್ದಿದೆ ಎಂದು ನನಗೆ ಗೊತ್ತು. ಆದರೂ ನೀರು ಹೊತ್ತು ತರುವುದನ್ನು ಅಳಿಯಂದಿರಿಗೆ ಬಿಡು, ನಾಚಿಕೊಳ್ಳಬೇಡ. ನನ್ನ ಮೈಗೇನೂ ಆಗಿಲ್ಲ. ಮುದ್ದೆ ಕಟ್ಟುವುದನ್ನು ಕಲಿತಿದ್ದೇನೆ, ಒಳಗೊಳಗೇ ಹಿಟ್ಟು ಉಳಿಯುತ್ತದೆ ಅಷ್ಟೆ. ಈ ಕಾಗದವನ್ನು ನಿನಗೆ ಓದಿ ಹೇಳುವವಳು ಚೌಡಮ್ಮನೇ ಆದ್ದರಿಂದ ಒಂದು ಮಾತು: ಮಗಳೇ, ನಿಮ್ಮಪ್ಪನ ಬಗ್ಗೆ ನಗು ಬಂದ ಕಡೆ ನಕ್ಕುಬಿಡು, ಆದರೆ ಅತ್ತೆಯ ಮುಂದೆ ಜೋರಾಗಿ ಓದಬೇಡ.

ಮನಸ್ಸಿಗೆ ಮಾತ್ರ ಕ್ಷೇಮವಿಲ್ಲ ಕಣೇ. ನೀನು ಹೋಗುವ ಮೊದಲು ನಮ್ಮ ಹೊಲಿಗೆ ಅಂಗಡಿಗೆ ರುದ್ರಾಣಿ ಎಂಬ ಹುಡುಗಿ ಸೇರಿದ್ದಾಳೆ ಎಂದು ಹೇಳಿದ್ದೆನಲ್ಲ. ನ್ಯಾಮತಿಯವಳು, ಪೋಲಿಯೊದಿಂದ ಒಂದು ಕಾಲು ಸೊರಗಿ ಕೋಲು ಹಿಡಿದು ನಡೆಯುತ್ತಾಳೆ, ದಾವಣಗೆರೆಯಲ್ಲಿ ಟೈಲರಿಂಗ್ ಕಲಿತು ಬಂದಿದ್ದಾಳೆ. ಕಾಲಿನಿಂದ ತುಳಿದು ಮೆಷಿನ್ನು ಓಡಿಸಲಾರಳು, ಆದ್ದರಿಂದ ಕಟಿಂಗಿಗೆ ಇಟ್ಟುಕೊಂಡಿದ್ದೇನೆ ಎಂದು ಯರ್ರಿಸ್ವಾಮಿ ಹೇಳಿದಾಗ ನಾನು ತಲೆ ಆಡಿಸಿದ್ದೆ. ಹೆಂಗಸರ ರವಿಕೆ ಕತ್ತರಿಸಿಕೊಂಡು ಒಂದು ಮೂಲೆಯಲ್ಲಿ ಇರುತ್ತಾಳೆ ಬಿಡು ಎಂದುಕೊಂಡಿದ್ದೆ. ಹಳೆಯ ಸಾಹುಕಾರರು ತೀರಿಕೊಂಡ ಮೇಲೆ ಅವರ ಮಗ ಈ ಯರ್ರಿಸ್ವಾಮಿ ಏನೇನೋ ಹೊಸದು ಮಾಡುತ್ತಿದ್ದಾನೆ, ಅದರಲ್ಲಿ ಇದೂ ಒಂದು ಎಂದು ಸುಮ್ಮನಿದ್ದೆ. ನಾನು ಆ ಅಂಗಡಿಯ ಕಟಿಂಗ್ ಮಾಸ್ಟ್ರು. ಹೊಲಿಯುವವರು ಎಷ್ಟೇ ಜನ ಬಂದು ಹೋಗಲಿ, ಕತ್ತರಿ ನನ್ನ ಕೈಯಲ್ಲೇ ಇತ್ತು. ಯಾರು ಬಂದರೆ ನನಗೇನು?

ನಿನ್ನನ್ನು ಜಗಳೂರಿಗೆ ಬಿಟ್ಟು ಮರುದಿನ ಅಂಗಡಿಗೆ ಹೋಗುತ್ತೇನೆ, ನನ್ನ ಮೇಜು ಕುಳ್ಳಾಗಿದೆ! ಸಾಗುವಾನಿಯ ಆ ದೊಡ್ಡ ಮೇಜು, ಸಾಹುಕಾರರು ನನ್ನನ್ನು ಪಕ್ಕದಲ್ಲಿ ನಿಲ್ಲಿಸಿ ನನ್ನ ಸೊಂಟದ ಎತ್ತರಕ್ಕೆ ಸರಿಯಾಗಿ ಮಾಡಿಸಿದ್ದು. ಯರ್ರಿಸ್ವಾಮಿ ಬಡಗಿಯನ್ನು ಕರೆಸಿ ಅದರ ನಾಲ್ಕೂ ಕಾಲು ಕೊಯ್ಯಿಸಿಬಿಟ್ಟಿದ್ದ. ರುದ್ರಾಣಿ ಕುರ್ಚಿಯ ಮೇಲೆ ಕುಳಿತು ಅರ್ಧ ಮೇಜಿನ ತುಂಬ ಬಟ್ಟೆ ಹಾಸಿಕೊಂಡಿದ್ದಳು. ಮರದ ಪುಡಿ ಇನ್ನೂ ನೆಲದ ಮೇಲೆ ಇತ್ತು. ನನ್ನ ಕಾಲನ್ನೇ ಕೊಯ್ದ ಹಾಗಾಯಿತು. "ಯಾರನ್ನ ಕೇಳಿ ಕೊಯ್ಸಿದ್ರಿ?" ಎಂದೆ. "ಆ ಹುಡುಗಿಗೆ ನಿಂತ್ಕಳಾಕೆ ಆಗಲ್ಲ ಮಾವಾ. ನೀವೂ ಒಂದು ಕುರ್ಚಿ ಹಾಕ್ಕಳ್ರಿ, ಆರಾಮ ಆಗುತ್ತೆ," ಎಂದು ನಕ್ಕ. ನಿಂತು ಕತ್ತರಿಸುವುದೇ ನನ್ನ ಕೆಲಸದ ಗತ್ತು, ಅಜ್ಜಮ್ಮಾ. ಕುರ್ಚಿ ಹಾಕಿಕೊಳ್ಳಲಿಲ್ಲ. ಬಗ್ಗಿ ಬಗ್ಗಿ ಕತ್ತರಿಸಿದೆ. ಸಂಜೆಗೆ ಬೆನ್ನು ನೆಟ್ಟಗಾಗಲಿಲ್ಲ, ನೀಲಗಿರಿ ಎಣ್ಣೆ ಹಚ್ಚಲು ಮನೆಯಲ್ಲಿ ನೀನೂ ಇರಲಿಲ್ಲ.

ಆಮೇಲೆ ನಾನು ನೋಡಿದ್ದೆಲ್ಲ ಹೊಟ್ಟೆ ಉರಿಸುವುದೇ. ಬೆಳಗಿನ ಚಹಾ ಬಂದರೆ ಯರ್ರಿಸ್ವಾಮಿ ಮೊದಲು ಆ ಕಡೆ ತಿರುಗಿ "ರುದ್ರಾಣೀ, ಚಾ ತಗಾ" ಎನ್ನುತ್ತಾನೆ. ಬೆಲ್ ಬಾಟಮ್ ಹೊಲಿಸುವ ಹುಡುಗರು ನನ್ನನ್ನು ದಾಟಿಕೊಂಡು ಅವಳ ಮುಂದೆ ನಿಲ್ಲುತ್ತಾರೆ. ನಾನು ಕತ್ತರಿಸಿದ ಪ್ಯಾಂಟು ಅಜ್ಜನ ಕಾಲದ್ದಂತೆ! ಅಳತೆಗೆಂದು ಗಂಡನ ಕೈಯಲ್ಲಿ ಹಳೆಯ ರವಿಕೆ ಕಳಿಸುತ್ತಿದ್ದ ಹೆಂಗಸರು ಈಗ ತಾವೇ ಮೆಟ್ಟಿಲು ಹತ್ತಿ ಬರುತ್ತಾರೆ, ಪರದೆಯ ಹಿಂದೆ ಅವಳ ಹತ್ತಿರ ಅಳತೆ ಕೊಟ್ಟು ನಗುತ್ತಾ ಹೋಗುತ್ತಾರೆ. ಅಂಗಡಿಗೆ ಒಳ್ಳೆಯದೇ ಆಯಿತು, ಇಲ್ಲವೆನ್ನುವುದಿಲ್ಲ. ಆದರೆ ಅಂಗಡಿಗೆ ಒಳ್ಳೆಯದಾದದ್ದೆಲ್ಲ ನನಗೆ ಒಳ್ಳೆಯದಾಗಿ ಕಾಣಬೇಕಲ್ಲ! ಅವಳ ಕತ್ತರಿ ಕರ್ ಕರ್ ಎಂದು ಓಡುವ ಸದ್ದು ಕೇಳಿದರೆ ನನ್ನ ಕೈ ನಿಂತುಹೋಗುತ್ತಿತ್ತು. ಅವಳು ಮನೆಗೆ ಹೋದ ಮೇಲೆ ಅವಳು ಕತ್ತರಿಸಿಟ್ಟ ತುಂಡುಗಳನ್ನು ಎತ್ತಿ ನೋಡುತ್ತಿದ್ದೆ, ಎಲ್ಲಾದರೂ ಓರೆ ಸಿಕ್ಕೀತೇ ಎಂದು. ಸಿಗುತ್ತಿರಲಿಲ್ಲ. ಸಿಗದಿದ್ದಕ್ಕೆ ಇನ್ನಷ್ಟು ಸಿಟ್ಟು.

ಸಾಸ್ವೆಹಳ್ಳಿಯ ಅಂಜಿನಪ್ಪನವರು ನಿನಗೆ ಗೊತ್ತಲ್ಲ, ಯುಗಾದಿಗೆ ಮಾವಿನಕಾಯಿ ತಂದುಕೊಡುವವರು. ಅವರ ಮದುವೆಯ ಅಂಗಿ ನಾನೇ ಕತ್ತರಿಸಿದ್ದು, ಅವರ ಅಣ್ಣತಮ್ಮಂದಿರ ಅಂಗಿಗಳೂ ನನ್ನವೇ. ಹೋದ ತಿಂಗಳು ಮಗಳ ರವಿಕೆ ಬಟ್ಟೆ ತಂದು ರುದ್ರಾಣಿಗೆ ಕೊಟ್ಟರು. ಸರಿ ಎಂದುಕೊಂಡೆ. ಆಮೇಲೆ ಚೀಲದಿಂದ ತಮ್ಮ ಜುಬ್ಬದ ಬಟ್ಟೆ ತೆಗೆದರು. ನಾನು ಟೇಪು ಹಿಡಿದು ಮುಂದೆ ಬಂದೆ. ಅವರು ನನ್ನ ಭುಜ ತಟ್ಟಿ, "ಈ ಸಲ ಆ ಹುಡುಗಿ ಹೆಂಗೆ ಕತ್ತರಿಸ್ತಾಳೆ ನೋಡಾನ ಅಂತ ಮಾಸ್ಟ್ರೇ. ಬೇಜಾರು ಮಾಡ್ಕಬ್ಯಾಡ್ರಿ," ಎಂದರು. ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡು, ಯಾರೋ ಕರೆದರು ಎಂಬಂತೆ ಹಿಂದಿನ ಬಾಗಿಲಿಗೆ ಹೋಗಿ ನಿಂತೆ. ಯಾರೂ ಕರೆದಿರಲಿಲ್ಲ. ಜುಬ್ಬ ಹೊಲಿದು ಬಂದಾಗ ಅಂಜಿನಪ್ಪನವರು ಅದನ್ನು ತೊಟ್ಟು ಎರಡೂ ಕೈ ಮೇಲೆತ್ತಿ ತೋರಿಸಿದರು, ಎಲ್ಲೂ ಎಳೆಯಲಿಲ್ಲ. "ಗಾಳ್ಯಾಗೆ ಇದ್ದಂಗೈತೆ!" ಎಂದರು. ಅವತ್ತೇ ನಿರ್ಧಾರ ಮಾಡಿದೆ, ಈ ಅಂಗಡಿಯ ಋಣ ತೀರಿತು ಎಂದು.

ಹತ್ತು ದಿನದ ಹಿಂದೆ, ಗುರುವಾರ ಮಧ್ಯಾಹ್ನ, ತಲೆನೋವೆಂದು ಹೇಳಿ ನ್ಯಾಮತಿಯ ಬಸ್ಸು ಹತ್ತಿದೆ. ನನ್ನ ಜೊತೆ ಕೆಲಸ ಕಲಿತ ತಿಪ್ಪೇಶಪ್ಪ ಅಲ್ಲಿ ಸ್ವಂತ ಅಂಗಡಿ ಇಟ್ಟಿದ್ದಾನಲ್ಲ, ಅವನ ಹತ್ತಿರ ಕೆಲಸ ಕೇಳೋಣ ಎಂದು. ಕಂಡ ಕೂಡಲೇ ಅಪ್ಪಿಕೊಳ್ಳುತ್ತಾನೆ ಎಂದು ತಿಳಿದಿದ್ದೆ. ಅವನು ಮೆಷಿನ್ನಿನ ಮುಂದೆ ಕುಳಿತೇ ಮಾತಾಡಿಸಿದ. ಬಂದ ವಿಷಯ ಹೇಳಿದೆ. "ನಿನ್ನ ಕೈ ಚಲೋ ಐತೆ ಗೋಣೆ, ಅದನ್ಯಾರು ಇಲ್ಲ ಅಂತಾರೆ? ಆದ್ರೆ ವಯಸ್ಸಾದೋರನ್ನ ಇಟ್ಕಂಡ್ರೆ ಈಗಿನ ಹುಡುಗ್ರು ಅಂಗಡಿ ಮೆಟ್ಲು ಹತ್ತಲ್ಲ. ಬೇಕಾದ್ರೆ ಕಾಜಾ ಗುಂಡಿ ಕೆಲ್ಸ ಐತೆ, ಕಟಿಂಗ್ ಮಾತ್ರ ಕೇಳಬ್ಯಾಡ," ಎಂದ. ಕಾಜಾ ಗುಂಡಿ! ಅದು ನಾವು ಕೆಲಸ ಕಲಿಯಲು ಸೇರಿದ ಹೊಸದರಲ್ಲಿ ಮಾಡುತ್ತಿದ್ದದ್ದು. ನಾನು ಬಾಯಿ ಬಿಡುವ ಮೊದಲೇ ಅವನು ನಕ್ಕು ಮುಂದುವರಿಸಿದ: "ನಿಮ್ಮ ಅಂಗಡಿ ಸೇರ್ಕಂಡಾಳಲ್ಲ ಆ ಕುಂಟಿ, ಅವಳೂ ಮೊದ್ಲು ಇಲ್ಲಿಗೇ ಬಂದಿದ್ಲು. ಈಗ ನೀ ನಿಂತಿದೀಯಲ್ಲ, ಅಲ್ಲೇ ನಿಂತು ಕೇಳಿದ್ಲು. ನಾನು ಒಳಗೂ ಕರೀಲಿಲ್ಲ. ಕಾಲಿಲ್ಲದೋಳು, ಅದ್ರಾಗೆ ಹೆಣ್ಣು, ಯಾರಿಗೆ ಬೇಕು ತಾಪತ್ರಯ?"

ಆಗ ನೋಡಿಕೊಂಡೆ. ನಾನು ಇನ್ನೂ ಹೊಸ್ತಿಲ ಹೊರಗೇ ಇದ್ದೆ. ಅವನು ಕೂತ್ಕೋ ಎಂದಿರಲೇ ಇಲ್ಲ. "ಬರ್ತೀನಪ್ಪಾ" ಎಂದು ಹೊರಟುಬಿಟ್ಟೆ. ಬಸ್ ನಿಲ್ದಾಣದವರೆಗೆ ನಡೆದೆ. ನನ್ನ ಮೇಲೇ ಕನಿಕರ ಬಂತು, ಆಮೇಲೆ ಆ ಹುಡುಗಿಯೂ ಇದೇ ದಾರಿಯಲ್ಲಿ ಹೀಗೇ ವಾಪಸಾಗಿರಬೇಕಲ್ಲ ಎನಿಸಿತು. ಅವಳ ಜೊತೆಗೆ ನನ್ನನ್ನು ಸೇರಿಸಿಕೊಳ್ಳಲು ನನಗೆ ಒಂದಿಷ್ಟೂ ಇಷ್ಟವಿರಲಿಲ್ಲ. ಆದರೂ ಸೇರಿ ಹೋಗಿತ್ತು.

ಸಂಜೆಯಾಗಿತ್ತು. ಹೊನ್ನಾಳಿಯಿಂದ ಬಸ್ಸು ಬಂದು ನಿಂತಿತು. ಇಳಿಯುವವರಲ್ಲಿ ಕೆಲಸ ಮುಗಿಸಿ ಮನೆಗೆ ಬಂದ ರುದ್ರಾಣಿ ಕಡೆಯವಳು. ಮೊದಲು ಕೋಲನ್ನು ಕೆಳಗೆ ಬಿಟ್ಟಳು, ಆಮೇಲೆ ಬಸ್ಸಿನ ಮೆಟ್ಟಿಲ ಮೇಲೆ ಕುಳಿತು ಜಾರಿಕೊಂಡು ನೆಲ ಮುಟ್ಟಿದಳು. ಕಂಡಕ್ಟರು ಅಷ್ಟರಲ್ಲೇ ಸೀಟಿ ಊದಿಬಿಟ್ಟ. ಲಂಗದ ಧೂಳು ಕೊಡವುತ್ತಾ ತಲೆ ಎತ್ತಿದವಳು ನನ್ನನ್ನು ನೋಡಿದಳು. ನಾನು ಇಲ್ಲಿ ನೆಂಟರ ಮನೆಗೆ ಬಂದಿದ್ದೆ ಎಂದೆ. "ತಿಪ್ಪೇಶಪ್ಪನೋರ ಅಂಗಡಿಗಾ?" ಎಂದು ಕೇಳಿಬಿಟ್ಟಳು. ಅವಳು ಕಟ್ಟೆಯ ಮೇಲೆ ಕುಳಿತು, "ಮಾಸ್ಟ್ರೇ, ನೀವು ಬಿಟ್ಟು ಹೋದ್ರೆ ನಂಗೆ ಭಾಳ ಕಷ್ಟ ಆಗುತ್ತೆ ರೀ," ಎಂದಳು. "ಯಾಕಮ್ಮಾ, ಮೇಜು ಪೂರಾ ನಿಂದೇ ಆಗುತ್ತಲ್ಲ," ಎಂದೆ, ಕಹಿಯಾಗಿಯೇ. ಅದಕ್ಕೆ ಅವಳು ಹೇಳಿದ್ದನ್ನು ಇದ್ದ ಹಾಗೆಯೇ ಬರೆಯುತ್ತೇನೆ: "ಮೇಜು ಇಟ್ಕಂಡು ಏನ್ಮಾಡ್ಲಿ? ನಿಮ್ಮನ್ನ ಕಂಡ್ರೆ ನಂಗೆ ಹೊಟ್ಟೆಕಿಚ್ಚು ರೀ. ಗಿರಾಕಿ ಬಾಗ್ಲಾಗೆ ಇರೋವಾಗ್ಲೇ ನೀವು ಹೆಸರು ಹಿಡಿದು ಕರೀತೀರಿ, ಮಗಳ ಮದುವೆ ಹೆಂಗಾತು, ಎತ್ತು ಹುಷಾರಾತಾ ಅಂತೀರಿ. ಅವ್ರು ನಗ್ತಾ ಒಳಗೆ ಬರ್ತಾರೆ, ನೀವಿಲ್ದಿದ್ರೆ ಬರ್ತಾರಾ? ನನ್ನ ಮುಂದೆ ಬಂದೋರು ಮೊದ್ಲು ನನ್ನ ಕಾಲು ನೋಡ್ತಾರೆ. ಬಟ್ಟೆ ಚೆನ್ನಾಗಿ ಬಂದ್ರೂ ಅಯ್ಯೋ ಪಾಪ ಅಂತಾರೆ. ನಿಮ್ಗೆ ಯಾರಾದ್ರೂ ಪಾಪ ಅಂತಾರಾ?"

ಸುಳ್ಳು ಯಾಕೆ ಹೇಳಲಿ ಅಜ್ಜಮ್ಮಾ, ನನ್ನನ್ನು ಕಂಡು ಹೊಟ್ಟೆಕಿಚ್ಚು ಪಡುವವರೂ ಒಬ್ಬರಿದ್ದಾರೆ ಎಂದು ತಿಳಿದು ಮೊದಲು ಖುಷಿಯೇ ಆಯಿತು. ಆ ಖುಷಿ ಇಳಿದ ಮೇಲೆ ನಾಚಿಕೆಯಾಯಿತು. "ಇವತ್ತು ಮಧ್ಯಾಹ್ನ ನಂಗೂ ಅಂದ್ರು ಕಣಮ್ಮಾ, ಬಾಯಿಬಿಟ್ಟು ಅನ್ನಲಿಲ್ಲ ಅಷ್ಟೆ," ಎಂದೆ. ನನ್ನ ಬಸ್ಸು ಬರುವವರೆಗೆ ಅವಳು ಅಲ್ಲೇ ಕುಳಿತಿದ್ದಳು.

ಮರುದಿನ ಶುಕ್ರವಾರ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ ಯರ್ರಿಸ್ವಾಮಿಯನ್ನು ಕೂರಿಸಿಕೊಂಡೆ. "ಆ ಹುಡುಗಿಗೆ ಬೇಕಾದ್ದು ಮಾಡಿದ್ರಿ, ಸರಿ. ಆದ್ರೆ ನಾನು ನಿಂತು ಕತ್ತರಿಸೋ ಮೇಜು ಕೊಯ್ಸಾಕೆ ಮುಂಚೆ ನನ್ನ ಒಂದು ಮಾತು ಕೇಳ್ಬೇಕಿತ್ತು. ನನ್ನ ಬೆನ್ನೂ ಈ ಅಂಗಡೀದೇ," ಎಂದೆ. ಹುಡುಗನ ಮುಖ ಸಣ್ಣಗಾಯಿತು. "ಕೇಳಿದ್ರೆ ನೀವು ಬ್ಯಾಡ ಅಂತೀರ ಅಂತ ಹೆದರಿಕೆ ಆತು ಮಾವಾ. ತಪ್ಪಾತು," ಎಂದ. ಬೇಡ ಎನ್ನುತ್ತಿದ್ದೆನೋ ಏನೋ, ಅದು ಬೇರೆ ಮಾತು. ಬಡಗಿ ಮತ್ತೆ ಬಂದ. ಮೇಜಿನ ನನ್ನ ಕಡೆಯ ಗೋಡೆಗೆ ನನ್ನ ಸೊಂಟದೆತ್ತರಕ್ಕೆ ಒಂದು ಅಗಲ ಹಲಗೆ ಕೂರಿಸಿದ. ಮಡಿಸಿದರೆ ಗೋಡೆಗೆ ಅಂಟಿಕೊಳ್ಳುತ್ತದೆ. ಬೆಳಿಗ್ಗೆ ನಿಂತು ಕತ್ತರಿಸುತ್ತೇನೆ. ಮಧ್ಯಾಹ್ನದ ಮೇಲೆ ಮೊಣಕಾಲು ಹಿಡಿದಾಗ ಯಾರೂ ನೋಡದ ಹಾಗೆ ಕುಳ್ಳ ಮೇಜಿನ ಮುಂದೆ ಕುರ್ಚಿ ಎಳೆದುಕೊಳ್ಳುತ್ತೇನೆ. ಯರ್ರಿಸ್ವಾಮಿ ನೋಡುತ್ತಾನೆ, ನೋಡಿ ಲೆಕ್ಕದ ಪುಸ್ತಕ ತೆರೆಯುತ್ತಾನೆ.

ನಿನ್ನೆ ಚನ್ನಗಿರಿ ಕಡೆಯ ಹೊಸ ಗಿರಾಕಿಯೊಬ್ಬ ಬಂದು ರುದ್ರಾಣಿಯನ್ನೂ ಅವಳ ಕೋಲನ್ನೂ ನೋಡಿ, ನನ್ನ ಕಡೆ ತಿರುಗಿ "ಮಾಸ್ಟ್ರು ಎಲ್ಲಿದಾರ್ರೀ?" ಎಂದ. "ಅಲ್ಲೇ ಕುಂತಾರಲ್ರೀ, ಅವರೇ ಮಾಸ್ಟ್ರು. ನಾನೂ ಮಾಸ್ಟ್ರೇ. ನಿಮ್ಗೆ ಯಾವ ಮಾಸ್ಟ್ರು ಬೇಕು ಹೇಳ್ರಿ," ಎಂದೆ. ರುದ್ರಾಣಿ ತಲೆ ಬಗ್ಗಿಸಿಕೊಂಡು ಬಟ್ಟೆಯ ಮೇಲೆ ಗೀಟು ಎಳೆಯುತ್ತಲೇ ಇದ್ದಳು, ಗೀಟು ಮಾತ್ರ ಸೊಟ್ಟಗಾಯಿತು. ಆಮೇಲೆ ನನಗೆ ಬೆಲ್ ಬಾಟಮ್ ಕತ್ತರಿಸುವುದನ್ನು ಹೇಳಿಕೊಟ್ಟಳು. ನನ್ನದರಲ್ಲಿ ಒಂದು ಕಾಲು ಇನ್ನೊಂದಕ್ಕಿಂತ ಅಗಲವಾಗಿ ಅಂಗಡಿಯೆಲ್ಲ ನಕ್ಕಿತು. ಹೊಟ್ಟೆಕಿಚ್ಚು ಪೂರ್ತಿ ಹೋಯಿತು ಎಂದು ಮಾತ್ರ ತಿಳಿಯಬೇಡ. ಅಂಜಿನಪ್ಪನವರು ಆ ಜುಬ್ಬ ತೊಟ್ಟು ಅಂಗಡಿ ಮುಂದೆ ಹಾದುಹೋದರೆ ನಾನು ಈಗಲೂ ಬೇರೆ ಕಡೆ ನೋಡುತ್ತೇನೆ.

ಚೌಡಮ್ಮನಿಗೂ ಕೂಸಿಗೂ ನನ್ನ ಆಶೀರ್ವಾದ. ಬೀಗರಿಗೆ, ಬೀಗಿತ್ತಿಗೆ ನಮಸ್ಕಾರ ತಿಳಿಸು. ಕೂಸಿನ ತಲೆಗೆ ಟೋಪಿ ಹೊಲಿದಿಟ್ಟಿದ್ದೇನೆ, ಬರುವಾಗ ತರುತ್ತೇನೆ. ನೀನು ಬೇಗ ಮನೆಗೆ ಬಾ.

ಇಂತು ನಿನ್ನ,
ಗೋಣೆಪ್ಪ

ತಾ.ಕ.: ಕೇಳಬೇಕಾದದ್ದನ್ನೇ ಬಿಟ್ಟು ಕಾಗದ ಮಡಿಸಲು ಹೊರಟಿದ್ದೆ. ಆ ಬಸ್ಸು ಹತ್ತಿ ಇಳಿಯುವುದು ರುದ್ರಾಣಿಗೆ ದಿನಾ ಬಹಳ ಕಷ್ಟ. ಚೌಡಮ್ಮನ ಕೋಣೆ ಖಾಲಿ ಇದೆಯಲ್ಲ, ಅವಳು ವಾರವೆಲ್ಲ ನಮ್ಮಲ್ಲಿದ್ದು ಭಾನುವಾರ ಊರಿಗೆ ಹೋಗಿ ಬರಲಿ ಎಂದು ನನ್ನ ಆಸೆ. ಅವಳಿಗಾಗಲಿ ಅವರವ್ವನಿಗಾಗಲಿ ಇನ್ನೂ ಹೇಳಿಲ್ಲ, ನೀನು ಹೂಂ ಎಂದರೆ ಮಾತ್ರ ಹೇಳುತ್ತೇನೆ. ಕಾಗದದ ಮೊದಲಿಗೇ ಇದನ್ನು ಬರೆಯಬಹುದಿತ್ತು. ಆದರೆ ನೀನು ಅವಳನ್ನು ನನಗಿಂತ ಹೆಚ್ಚು ಹಚ್ಚಿಕೊಳ್ಳುತ್ತೀ ಎಂದು ನನಗೆ ಈಗಲೇ ಗೊತ್ತು, ಅದಕ್ಕೇ ಕೈ ಹಿಂಜರಿಯಿತು.