ನೀನು ಜೋಡಿಸಿಟ್ಟ ಡಬ್ಬಿ

ಗುರುವಾರ, ಊಟದ ಬಿಡುವಿನಲ್ಲಿ

ನಿನಗೆ,

‘ಪ್ರೀತಿಯ’ ಎಂದು ಬರೆದು ಹೊಡೆದು ಹಾಕಿರುವುದು ಕಾಣುತ್ತಿರಬೇಕು. ಕಾಣಲಿ ಎಂದೇ ಬೇರೆ ಹಾಳೆ ತೆಗೆದುಕೊಳ್ಳಲಿಲ್ಲ. ಫೋನಿನಲ್ಲಿ ನಾನು ಬಾಯಿ ತೆರೆದರೆ ಸಾಕು, “ಸಿಗ್ನಲ್ ಇಲ್ಲ ಕಣೇ, ಆಮೇಲೆ ಮಾಡ್ತೀನಿ” ಎನ್ನುತ್ತೀಯ. ಕಾಗದಕ್ಕೆ ಸಿಗ್ನಲ್ ಬೇಡ. ಗಣಿಯ ಉಗ್ರಾಣದಲ್ಲಿ ನಿನ್ನ ಮೇಜಿನ ಮುಂದೆ ಕೂತು ಪೂರ್ತಿ ಓದು. ಕೊನೆಯ ಪುಟವನ್ನು ಮೊದಲು ತಿರುವಬೇಡ. ಪತ್ತೇದಾರಿ ಕಾದಂಬರಿಗಳಿಗೆ ನೀನು ಮಾಡುವ ಆ ಅನ್ಯಾಯವನ್ನು ಇದಕ್ಕೂ ಮಾಡಬೇಡ.

ಹೋದ ಸಲ ಒಂದು ವಾರದ ರಜೆಗೆ ಬಂದ ದಿನವೇ ನೀನು ಮನೆ ಜೋಡಿಸಲು ನಿಂತೆ. ನಾನು ಕ್ರೇನ್ ತರಬೇತಿ ಮುಗಿಸಿ ಸಂಜೆ ಬಂದರೆ ಅಡುಗೆಮನೆಯ ಡಬ್ಬಿಗಳೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಂತಿದ್ದವು, ಚಮಚಗಳೆಲ್ಲ ಒಂದೇ ಕಡೆ ಮುಖ ಮಾಡಿದ್ದವು. ಉಗ್ರಾಣದವನನ್ನು ಕಟ್ಟಿಕೊಂಡ ಮೇಲೆ ಇಷ್ಟಾದರೂ ಸಹಿಸಬೇಡವೇ ಎಂದು ನಕ್ಕೆ. ಆಮೇಲೆ ನೀನು ಬಚ್ಚಲುಮನೆಯ ಕನ್ನಡಿ ಬಾಗಿಲು ತೆಗೆದು ತೋರಿಸಿದೆ. ತಲೆನೋವಿನ ಮಾತ್ರೆ, ನೆಗಡಿಯ ಮಾತ್ರೆ, ನನ್ನ ಗರ್ಭನಿರೋಧಕ ಮಾತ್ರೆ, ಎಲ್ಲವನ್ನೂ ಹಾಳೆಯಿಂದ ಒತ್ತಿ ತೆಗೆದು ಸಣ್ಣ ಸಣ್ಣ ಖಾನೆಗಳಿರುವ ಡಬ್ಬಿಗೆ ತುಂಬಿದ್ದೆ. “ಹಾಳೆಗಳನ್ನೆಲ್ಲ ಬಿಸಾಕಿದೆ, ನೋಡು ಹೇಗೆ ಕಾಣುತ್ತೆ!” ನಾನು ಮರುದಿನದಿಂದ ಶುರು ಮಾಡಬೇಕಿದ್ದ ಹೊಸ ಹಾಳೆಯ ಮಾತ್ರೆಗಳೂ ಅದರಲ್ಲಿದ್ದವು. ಬಿಳಿಯವು ಒಂದು ಖಾನೆಯಲ್ಲಿ, ಕಂದು ಬಣ್ಣದವು ಪಕ್ಕದಲ್ಲಿ. “ಕಂದು ಕಡಿಮೆ ಇದೆ, ಅದನ್ನ ಮೊದಲು ಮುಗಿಸು. ಒಂದು ಖಾನೆ ಖಾಲಿಯಾಗುತ್ತೆ.”

ಔಷಧಿ ಅಂಗಡಿಯವರು ಈ ಸಲ ಬೇರೆ ಕಂಪನಿಯದು ಕೊಟ್ಟಿದ್ದರು. ಹಳೆಯದರಲ್ಲಿ ಬಣ್ಣದ ಮಾತ್ರೆಯಲ್ಲಿ ಮದ್ದು ಇರುತ್ತಿತ್ತು, ಬಿಳಿಯದು ಖಾಲಿ. ಮುಟ್ಟಿನ ವಾರದಲ್ಲಿ ಅಭ್ಯಾಸ ತಪ್ಪದಿರಲೆಂದು ನುಂಗುವುದು. ಹೊಸದರಲ್ಲಿ ಅದು ತಿರುಗುಮುರುಗು, ಬಿಳಿಯದರಲ್ಲೇ ಮದ್ದು, ಕಂದು ಖಾಲಿ. ನನಗಾಗ ಅದು ಗೊತ್ತಿರಲಿಲ್ಲ. ಹಾಳೆ ಇದ್ದಿದ್ದರೆ ಅದರ ಮೇಲಿನ ಬಾಣದ ಗುರುತು ನೋಡಿ ನುಂಗುತ್ತಿದ್ದೆ. ಹಾಳೆ ಕಸದ ಬುಟ್ಟಿಯಲ್ಲಿತ್ತು. ಹಳೆಯ ಹಾಳೆಯ ಖಾಲಿ ವಾರ ಆಗಷ್ಟೇ ಮುಗಿದಿತ್ತು. ಅದರ ಬೆನ್ನಿಗೇ ನೀನು ಮನೆಯಲ್ಲಿದ್ದ ಇಡೀ ವಾರ ನಾನು ದಿನಾ ಬೆಳಿಗ್ಗೆ ತಪ್ಪದೆ, ನೀರಿನೊಡನೆ, ಮತ್ತೆ ಏನೂ ಇಲ್ಲದ ಮಾತ್ರೆಯನ್ನೇ ನುಂಗಿದೆ. ಆ ವಾರ ನಾವು ಹೇಗಿದ್ದೆವು ಎಂದು ನಿನಗೆ ನೆನಪು ಮಾಡಬೇಕಾಗಿಲ್ಲ.

ನೀನು ಬಸ್ಸು ಹತ್ತಿದ ಮರುದಿನ ಕಂದು ಖಾನೆಯಲ್ಲಿ ಕೈಯಾಡಿಸಿದರೆ ಬೆರಳಿಗೆ ಏನೂ ಸಿಗಲಿಲ್ಲ. ಮದ್ದಿನ ಮಾತ್ರೆ ಒಂದೇ ವಾರಕ್ಕೆ ಮುಗಿಯುವುದುಂಟೇ? ಒಂದು ಹಾಳೆಯಲ್ಲಿ ಮದ್ದಿನವು ಇಪ್ಪತ್ತೊಂದು; ಎಣಿಸಿದರೆ ಬಿಳಿಯವೇ ಅಷ್ಟಿದ್ದವು.

ನಿನಗೆ ಫೋನ್ ಮಾಡಿದೆ. “ಅಷ್ಟೇ ತಾನೇ? ತಪ್ಪಿದ್ದನ್ನೆಲ್ಲ ಒಟ್ಟಿಗೆ ನುಂಗಿಬಿಡು, ಸರಿ ಹೋಗುತ್ತೆ” ಎಂದೆ ನೀನು. ಹೆದರಿದವಳಿಗೆ ಬುದ್ಧಿ ಎಲ್ಲಿರುತ್ತದೆ? ತಪ್ಪಿದ ಏಳರಲ್ಲಿ ನಾಲ್ಕು ಬಿಳಿ ಮಾತ್ರೆ ನುಂಗಿ, ತರಬೇತಿಯ ಅಂಗಳದಲ್ಲಿ ಎಲ್ಲರ ಮುಂದೆ ವಾಂತಿ ಮಾಡಿಕೊಂಡೆ. ಗಡಿಯಾರ ನೋಡುತ್ತ ನಿಂತಿದ್ದ ಮೇಷ್ಟ್ರು, “ಬಿಸಿಲಿಗೆ ತಲೆ ತಿರುಗಿತೇನಮ್ಮ?” ಎಂದರು. ಹೌದು ಎಂದೆ. ಬೇರೇನು ಹೇಳಲಿ?

ಅರ್ಧ ದಿನ ರಜೆ ಹಾಕಿ ಡಾಕ್ಟರಮ್ಮನ ಹತ್ತಿರ ಹೋದೆ. ಒಟ್ಟಿಗೆ ನುಂಗು ಎಂದವರು ಯಾರು ಎಂದು ಕೇಳಿದರು. ನಮ್ಮ ಮನೆಯವರು ಎಂದೆ. “ಅವರೇನು ಡಾಕ್ಟರಾ?” ಉಗ್ರಾಣ ನೋಡಿಕೊಳ್ಳುತ್ತಾರೆ ಎಂದೆ. “ಹಾಗಾದ್ರೆ ಮೂಟೆಗಳಿಗೆ ಬುದ್ಧಿ ಹೇಳೋಕೆ ಹೇಳಮ್ಮ” ಎಂದರು. ಅವರು ಹೇಳಿದ್ದನ್ನು ಬರೆಯುತ್ತೇನೆ, ನೀನೂ ಕಲಿ. ಮದ್ದಿನ ಮಾತ್ರೆ ಒಂದು ಮರೆತರೆ ನೆನಪಾದ ತಕ್ಷಣ ಅದನ್ನು ನುಂಗಿ, ಮುಂದಿನದನ್ನು ಮಾಮೂಲು ಹೊತ್ತಿಗೇ ತೆಗೆದುಕೊಳ್ಳಬೇಕು. ಒಂದೇ ದಿನ ಎರಡಾದರೂ ಪರವಾಗಿಲ್ಲ. ಎರಡೋ ಅದಕ್ಕಿಂತ ಹೆಚ್ಚೋ ತಪ್ಪಿದರೆ, ಕಡೆಯದಾಗಿ ತಪ್ಪಿದ್ದನ್ನು ಮಾತ್ರ ನುಂಗಿ ಉಳಿದದ್ದನ್ನು ಬಿಟ್ಟುಬಿಡಬೇಕು. ಆಮೇಲೆ ಸತತ ಏಳು ದಿನ ಮದ್ದಿನ ಮಾತ್ರೆ ಹೊಟ್ಟೆಗೆ ಬೀಳುವತನಕ ಕಾಂಡೋಮ್ ಇಲ್ಲದೆ ಹತ್ತಿರ ಬರಬಾರದು. ಹಾಳೆಯ ಶುರುವಿನಲ್ಲಿ ತಪ್ಪುವುದೇ ಎಲ್ಲಕ್ಕಿಂತ ಅಪಾಯವಂತೆ, ಖಾಲಿ ವಾರ ಇನ್ನಷ್ಟು ಉದ್ದವಾಗುತ್ತದೆ. ನಮ್ಮದು ಅದೇ. ತುರ್ತು ಮಾತ್ರೆ ಕೊಟ್ಟು, ಮೂರು ಗಂಟೆಯೊಳಗೆ ವಾಂತಿಯಾದರೆ ಮತ್ತೆ ಬಾ ಎಂದರು. “ಇದು ಕಳೆದ ಐದು ದಿನದ್ದಕ್ಕೆ. ಅದಕ್ಕೂ ಹಿಂದಿನದಕ್ಕೆ ನಾನು ಮಾತು ಕೊಡೋಕಾಗಲ್ಲ. ಮೂರು ವಾರ ಬಿಟ್ಟು ಪರೀಕ್ಷೆ ಮಾಡಿಕೋ.”

ಇಷ್ಟಕ್ಕೇ ಆಗಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ. ಕೈತಪ್ಪು ಎಂದು ನುಂಗಿಕೊಳ್ಳುತ್ತಿದ್ದೆ. ಬಣ್ಣ ನೋಡಿ ಮೋಸಹೋದವಳು ನಾನೂ ಹೌದು. ಆದರೆ ಅವತ್ತು ಸಂಜೆ ನಾನು ಅಳುತ್ತ ಎಲ್ಲ ಹೇಳಿದಾಗ ನೀನು ನಕ್ಕೆ. “ಆದರೆ ಆಗಲಿ ಬಿಡೇ. ನಿನ್ನ ಕ್ರೇನ್ ಎಲ್ಲಿಗೆ ಓಡಿಹೋಗುತ್ತೆ?”

ಓಡಿಹೋಗುವುದಿಲ್ಲ, ನಿಜ. ಬಸುರಿಯನ್ನು ಕ್ರೇನಿನ ಏಣಿ ಹತ್ತಿಸುವುದಿಲ್ಲ, ಅಷ್ಟೇ. ಮುಂದಿನ ತಂಡಕ್ಕೆ ಕಾಯಬೇಕು. ಮುಂದಿನ ತಂಡವೊಂದು ಇರುತ್ತದೆಂದು ಯಾರೂ ಹೇಳಿಲ್ಲ. ಇಷ್ಟು ವರ್ಷ ಕೆಳಗೆ ನಿಂತು ಕ್ರೇನ್ ನಡೆಸುವವನಿಗೆ ಕೈಸನ್ನೆ ಮಾಡಿದವಳು ನಾನು. ಮೇಲೆ ಕೂತವನು ಆ ಸನ್ನೆ ನೋಡಿದನೋ ಇಲ್ಲವೋ ಎಂದು ಕತ್ತು ನೋಯಿಸಿಕೊಂಡವಳು. ಮೊನ್ನೆ ಮೇಷ್ಟ್ರ ಜೊತೆ ಮೇಲೆ ಹತ್ತಿದ್ದೆ. ಗಾಜಿನ ಗೂಡಿನಿಂದ ನಮ್ಮ ತಾರಸಿ ಕಂಡಿತು, ನೀನು ಒಣಹಾಕಿ ಮರೆತುಹೋದ ನೀಲಿ ಅಂಗಿಯೂ ಕಂಡಿತು. ಅಲ್ಲಿಂದ ಲೋಕ ಎಷ್ಟು ಮೌನವಾಗಿದೆ ಗೊತ್ತಾ? ಅದನ್ನು ನಿನಗೆ ಹೇಳಬೇಕೆಂದು ಇಡೀ ಏಣಿ ಇಳಿಯುವಷ್ಟು ಹೊತ್ತೂ ಅಂದುಕೊಂಡೆ. ಇಳಿದ ಮೇಲೆ ‘ಆಗಲಿ ಬಿಡೇ’ ನೆನಪಾಯಿತು. ಹೇಳಲಿಲ್ಲ.

ಮಗು ಬೇಡ ಎಂದು ನಾನು ಯಾವತ್ತೂ ಹೇಳಿಲ್ಲ. ಯಾವಾಗ ಎಂದು ಇಬ್ಬರೂ ಕೂತು ಮಾತಾಡಿದ್ದೆವು, ಆ ಮಾತಿಗೆ ನೀನೂ ತಲೆಯಾಡಿಸಿದ್ದೆ. ಉಗ್ರಾಣದಲ್ಲಿ ಇನ್ನೊಬ್ಬರ ಪೆಟ್ಟಿಗೆಯ ಸೀಲು ಒಡೆಯಬೇಕಾದರೆ ಆ ಪೆಟ್ಟಿಗೆಯವರನ್ನು ಕರೆಸಿ, ಎದುರಿಗೆ ನಿಲ್ಲಿಸಿಕೊಂಡು ಒಡೆಯುತ್ತೀಯಂತೆ. ಅದನ್ನು ಎಷ್ಟು ಸಲ ಜಂಬದಿಂದ ಹೇಳಿಲ್ಲ! ನನ್ನ ಮೈಗೆ ಸೇರಿದ ಮಾತ್ರೆಯ ಹಾಳೆ ಒಡೆಯುವಾಗ ಯಾರನ್ನು ಕರೆದೆ? ನಾನೇನು ವಾರಸುದಾರರಿಲ್ಲದ ಸರಕೇ?

ಹೊಸದಾಗಿ ತಂದ ಮಾತ್ರೆಗಳು ಈಗ ಹಾಳೆಯಲ್ಲೇ ಇವೆ, ನನ್ನ ಪೆಟ್ಟಿಗೆಯಲ್ಲಿ. ಡಬ್ಬಿಯಲ್ಲಿ ಗುಂಡಿ, ಸೂಜಿ ಹಾಕಿಟ್ಟಿದ್ದೇನೆ. ಮುಂದಿನ ರಜೆಗೆ ಬಂದಾಗ ಚಮಚಗಳನ್ನು ಯಾವ ಕಡೆ ಬೇಕಾದರೂ ತಿರುಗಿಸಿಕೋ. ಕನ್ನಡಿಯ ಹಿಂದೆ ಕೈ ಹಾಕಬೇಡ.

ಕೋಪ ಇನ್ನೂ ಇಳಿಯದ,
ನಿನ್ನ ಹೆಂಡತಿ

ಮರೆತು ಉಳಿದದ್ದಲ್ಲ, ಬೇಕೆಂದೇ ಕೊನೆಗೆ ಇಟ್ಟದ್ದು: ನಿನ್ನೆ ಪರೀಕ್ಷೆ ಮಾಡಿಕೊಂಡೆ. ಬಸಿರಿಲ್ಲ. ನಾಳೆ ಒಬ್ಬಳೇ ಏಣಿ ಹತ್ತುತ್ತೇನೆ. ಇದನ್ನು ಮೊದಲ ಸಾಲಿನಲ್ಲೇ ಬರೆಯಬಹುದಿತ್ತು. ಮೂರು ವಾರ ನಾನು ಪಟ್ಟದ್ದನ್ನು ನೀನು ಮೂರು ಪುಟವಾದರೂ ಪಡಲಿ ಎಂದು ಬರೆಯಲಿಲ್ಲ. ಈಗ ‘ಬಸಿರಿಲ್ಲ’ ಎಂದು ಓದಿದೆಯಲ್ಲ, ಆ ಕ್ಷಣ ನಿನ್ನ ಎದೆ ಹಗುರವಾಯಿತೋ, ಇಲ್ಲ ಏನೋ ಕೈತಪ್ಪಿತು ಅನ್ನಿಸಿತೋ? ಬೇರೆ ಯಾವ ಸುದ್ದಿಯೂ ಬೇಡ, ಅದೊಂದನ್ನೇ ಬರೆ. ಫೋನ್ ಮಾಡಬೇಡ.